ಇಪ್ಪತ್ತೊಂದನೆಯ ಅಂಶ

ಕಾಕಾನ ಎಡಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಚಿಕ್ಕವನಿದ್ದಾಗ ಮೇವು ಕತ್ತರಿಸಲು ಹೋಗಿ ಕಳೆದುಕೊಂಡದ್ದು. ಬಲಗೈ ನೆಟ್ಟಗಿದ್ದರೂ ರಾಜಕೀಯ ಮಾತಾಡುವಾಗ ಅವನು ಎತ್ತುತ್ತಿದ್ದದ್ದು ಆ ಮೋಟು ಬೆರಳನ್ನೇ. ಎದುರಿನವನ ಕಣ್ಣು ತಾನಾಗಿ ಬೆರಳಿನ ಮೇಲೆ ನಿಲ್ಲುತ್ತಿತ್ತು, ಅಷ್ಟರಲ್ಲಿ ಕಾಕಾ ವಾದ ಗೆದ್ದಿರುತ್ತಿದ್ದ.

ಅವನು ನನ್ನ ಅಪ್ಪನ ಕೊನೆಯ ತಮ್ಮ. ನನಗಿಂತ ಹತ್ತು ವರ್ಷ ದೊಡ್ಡವನು. ಹಾಗಿದ್ದೂ ಮುದ್ದೇಬಿಹಾಳದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನ ವಿದ್ಯಾರ್ಥಿಗಳು. ಅಜ್ಜ ಬೇಗ ತೀರಿಕೊಂಡದ್ದರಿಂದ ಕಾಕಾನ ಶಾಲೆ ಅರ್ಧಕ್ಕೆ ನಿಂತು, ಗೊಳಸಂಗಿಯ ಹೊಲದಲ್ಲಿ ಅವನು ಅಪ್ಪನ ಜೊತೆ ದುಡಿಯುತ್ತಿದ್ದ. ನಾನು ಮ್ಯಾಟ್ರಿಕ್‌ಗೆ ಓದುವಾಗ ನನ್ನ ಪುಸ್ತಕಗಳನ್ನು ಅವನೂ ಓದತೊಡಗಿದ. ಒಂದು ದಿನ ಊಟಕ್ಕೆ ಕೂತಾಗ, "ಅಣ್ಣಾ, ಇಂವ ಹೆಂಗೂ ಕುಂದ್ರತಾನ, ನಾನೂ ಪರೀಕ್ಷಾಕ್ಕ ಕುಂದ್ರತೇನಿ" ಎಂದ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲೂ ಇಲ್ಲ. "ಕುಂದ್ರು" ಎಂದಷ್ಟೇ ಹೇಳಿದರು. ಇಬ್ಬರೂ ಪಾಸಾದೆವು. ಅವನ ಅಂಕಗಳು ನನ್ನವಕ್ಕಿಂತ ಹೆಚ್ಚಿದ್ದವು ಎಂಬುದನ್ನು ಅವ್ವ ಊರಿನವರಿಗೆಲ್ಲ ಹೇಳಿಬಂದಳು.

ಹೀಗೆ ಧೋತರ ಉಟ್ಟ, ಮೀಸೆ ಬಿಟ್ಟ, ಇಬ್ಬರು ಮಕ್ಕಳ ತಂದೆಯಾದ ಕಾಕಾ ಕಾಲೇಜು ಹುಡುಗನಾದ. ಮೊದಮೊದಲು ಹುಡುಗರು ಅವನನ್ನು ಹೊಸ ಪ್ರೊಫೆಸರರೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಅವನೂ ಗಂಭೀರವಾಗಿ "ಕುಂದರ್ರಿ, ಕುಂದರ್ರಿ" ಎಂದು ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದ.

ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಬಾಡಿಗೆ ಕೋಣೆ. ಊರಿಂದ ಬರುವ ಬಸ್ಸಿನಲ್ಲಿ ಕಾಕಾನ ಹೆಂಡತಿ ಚಿಗವ್ವ ಕಟ್ಟಿದ ಬುತ್ತಿ ಬರುತ್ತಿತ್ತು: ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಝುಣಕ. ಬುತ್ತಿ ಬಿಚ್ಚಿದ ಕೂಡಲೇ ಅಗರಖೇಡದ ಗೆಳೆಯನೊಬ್ಬ ಎಲ್ಲಿದ್ದರೂ ಹಾಜರಾಗುತ್ತಿದ್ದ. ಅವನ ಸೋದರಮಾವ ಸೊಲ್ಲಾಪುರದಲ್ಲಿದ್ದ. ಅಲ್ಲಿ ಆ ಗೆಳೆಯ ಒಮ್ಮೆ ಬಿಯರ್ ಕುಡಿದಿದ್ದನಂತೆ. ಅದನ್ನು ಕೇಳಿದ ದಿನದಿಂದ ಕಾಕಾನಿಗೆ ಬಿಯರಿನ ಧ್ಯಾನ ಹಿಡಿಯಿತು. ಕುಡಿಯುವ ಆಸೆಗಿಂತ ಅದರ ಬಗ್ಗೆ ಮಾತಾಡುವ ಆಸೆಯೇ ದೊಡ್ಡದು.

"ಅದನ್ನ ಎದರಾಗ ಮಾಡ್ತಾರಲೇ?" ಎಂದು ಕೇಳಿದ.

"ಬಾರ್ಲಿ. ಜವೆಗೋಧಿ ಅಂತಾರಲ್ಲ, ಅದರಾಗ."

ಕಾಕಾ ರೊಟ್ಟಿ ಕೈಯಲ್ಲೇ ಹಿಡಿದು ಯೋಚಿಸಿದ. "ಹಂಗಾದ್ರ ನಮ್ಮ ಬಿಳಿಜೋಳ ಏನು ಪಾಪ ಮಾಡೈತಿ? ಸರಕಾರ ಜೋಳದ ಬಿಯರ್ ಮಾಡ್ಲಿ. ಕುಡಿಯೋರು ಕುಡೀಲಿ, ನಮಗ ರೇಟ್ ಸಿಗ್ಲಿ. ಇದು ಖರೇ ಅರ್ಥಶಾಸ್ತ್ರ!"

ಆ ದಿನಗಳು ಹಾಗೇ ಇದ್ದವು. ತರಗತಿ ಮುಗಿಸಿ ಚಹಾದ ಹೋಟೆಲಿನಲ್ಲಿ ಕೂತರೆ ಬಿಯರಿನಿಂದ ಪಾರ್ಲಿಮೆಂಟಿಗೆ, ಅಲ್ಲಿಂದ ಎತ್ತಿನ ಕಾಲುಬೇನೆಗೆ, ಅಲ್ಲಿಂದ ಹೆಂಡತಿಯ ಸಿಟ್ಟಿಗೆ ಕಾಕಾನ ಮಾತು ಸಲೀಸಾಗಿ ಹರಿಯುತ್ತಿತ್ತು. ಒಂದರ್ಧ ಕಪ್ ಚಹಾಕ್ಕೆ ಅಷ್ಟೊಂದು ಸುಖ ಸಿಗುತ್ತಿದ್ದ ಕಾಲ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಹೋಟೆಲಿನ ಮಾಲಕರು ರಾಜಕೀಯ ಮಾತಾಡಬಾರದೆಂದು ಗೋಡೆಗೆ ಬೋರ್ಡು ಹಾಕಿದರು. ಒಂದು ಮಧ್ಯಾಹ್ನ ರೇಡಿಯೋದಲ್ಲಿ ಸರಕಾರದ ಇಪ್ಪತ್ತು ಅಂಶದ ಕಾರ್ಯಕ್ರಮದ ಬಗ್ಗೆ ಹೇಳುತ್ತಿದ್ದರು. ಎಲ್ಲರೂ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದೆವು. ರೇಡಿಯೋ ಸುಮ್ಮನಾದ ಮೇಲೆ ಕಾಕಾ ಮೋಟು ಬೆರಳು ಎತ್ತಿದ.

"ಇಪ್ಪತ್ತೊಂದನೇದು ನಾ ಕೂಡಿಸ್ತೇನಿ. ಸಂತಿ ದಿನ ರೈತಗ ಒಂದು ಥಣ್ಣಗಿನ ಬಿಯರ್!"

ಹೋಟೆಲಿಗೆ ಹೋಟೆಲೇ ನಕ್ಕಿತು. ಎಷ್ಟೋ ವಾರ ಬಿಗಿಹಿಡಿದಿದ್ದ ನಗು ಅದು. ಮಾಲಕರೂ ಗಲ್ಲಾಪೆಟ್ಟಿಗೆಯ ಹಿಂದೆ ಬಾಯಿಗೆ ಟವೆಲ್ ಒತ್ತಿಕೊಂಡಿದ್ದರು. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಬಜಾರಿನಲ್ಲಿ ಗುರುತಿದ್ದವರು ಕಾಕಾನನ್ನು ಕಂಡರೆ "ಇಪ್ಪತ್ತೊಂದು ಹೆಂಗೈತ್ರಿ?" ಎಂದು ಕೇಳತೊಡಗಿದರು. ಕೊನೆಗೆ ಫೌಜದಾರರೂ ಅದನ್ನೇ ಕೇಳಲು ಅವನನ್ನು ಠಾಣೆಗೆ ಕರೆಸಿದರು.

ನಾನು ಠಾಣೆಯ ಹೊರಗೆ ಬೇವಿನ ಗಿಡದ ಕೆಳಗೆ ಕೂತೆ. ಆಗ ಒಳಗೆ ಹೋದವರು ಯಾವಾಗ ಹೊರಗೆ ಬರುತ್ತಾರೆಂದು ಯಾರೂ ಹೇಳುವಂತಿರಲಿಲ್ಲ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕಾಕಾ ಹೊರಗೆ ಬಂದ. ಒಳಗೆ ಏನಾಯಿತೆಂದು ಕೇಳಿದೆ.

"ಬಿಯರ್ ಭಾಳ ಕುಡೀತಿ ಏನು ಅಂದ್ರು. ಇಲ್ರಿ ಸಾಹೇಬ್ರ, ಅದರ ಬಣ್ಣ ಹೆಂಗಿರತೈತಿ ಅಂತನೂ ಕಂಡಿಲ್ಲ ಅಂದೆ. ಅವರಿಗೇ ನಗಿ ಬಂತು. ಮನ್ಯಾಗ ಹಿರ್ಯಾರು ಇದ್ರ ಬಂದು ಬುದ್ಧಿ ಹೇಳ್ಲಿ ಅಂತ ಬಿಟ್ರು."

ಮಾತು ಹಗುರವಾಗಿತ್ತು. ಆದರೆ ಕೋಣೆಗೆ ಬಂದವನೇ ಕೊಡದಿಂದ ಎತ್ತಿ ನೀರು ಕುಡಿಯುವಾಗ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿಕೊಂಡ. ಅವನು ಅಂಜಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಬುತ್ತಿ ತರುವ ಬಸ್ಸಿನ ಕಂಡಕ್ಟರರಿಂದ ಸುದ್ದಿ ತಿಳಿದು ಅಪ್ಪ ಮರುದಿನದ ಬಸ್ಸಿಗೇ ಬಂದರು. ಚಪ್ಪಲಿ ಕಳೆಯದೆ ಹೊಸ್ತಿಲಲ್ಲಿ ನಿಂತು, "ಇಬ್ಬರೂ ಗಂಟು ಕಟ್ರಿ" ಎಂದರು.

ನನ್ನ ಕಣ್ಣಲ್ಲಿ ನೀರು ತುಂಬಿತು. ಕಾಕಾ ಚಾಪೆ ಹಾಸಿ, ಅಪ್ಪನಿಗೆ ನೀರು ಕೊಟ್ಟು, ಎದುರು ಕೂತ. ಬೆರಳು ಎತ್ತಲಿಲ್ಲ.

"ಮಾತಾಡಿದಾಂವ ನಾನು ಅಣ್ಣಾ. ಹುಡುಗ ಚಹಾ ಕುಡಿಯಾಕತ್ತಿದ್ದ, ಅಷ್ಟ."

"ನಿನ್ನ ಸಂಗಾಟ ಇದ್ರ ನಾಳಿಗೆ ಅಂವನೂ ಮಾತಾಡ್ತಾನ. ಹೊಲಕ್ಕೂ ಆಳು ಸಿಗವಲ್ರು. ನಡೀರಿ."

"ಹೊಲಕ್ಕ ಒಬ್ಬಾಂವ ಸಾಕಲ್ಲ? ನೋಡು, ನನಗ ಬಿತ್ತಾಕ ಬರತೈತಿ. ಇಂವ ಎತ್ತಿನ ಮುಂದ ನಿಂತ್ರ ಎತ್ತಿಗೇ ಅಂಜಿಕಿ ಬರತೈತಿ. ಯಾರನ್ನ ಒಯ್ತಿ ನೀನ ಹೇಳು."

ಅಪ್ಪ ನನ್ನನ್ನು ತಲೆಯಿಂದ ಕಾಲಿನತನಕ ನೋಡಿದರು. ನಗು ತಡೆಯಲು ಮೀಸೆ ಸವರಿಕೊಂಡರು. ತಡೆಯಲಾಗಲಿಲ್ಲ. "ನಡಿ ಹಂಗಾದ್ರ ನೀನ" ಎಂದರು.

ಕಾಕಾ ಟ್ರಂಕು ತುಂಬಿದ. ಬಸ್ಸು ಹತ್ತುವ ಮುನ್ನ ನಾನು ಟ್ರಂಕು ಮೇಲೆ ಎತ್ತಿಕೊಟ್ಟೆ. ಅವನು ಹೇಳಿದ: "ಪರೀಕ್ಷಾ ಎಲ್ಲಿಗೂ ಓಡಿ ಹೋಗೂದಿಲ್ಲ ತಮ್ಮಾ. ನಾ ಹೆಂಗೂ ತಡಾ ಮಾಡಿ ಬಂದಾಂವ, ಇನ್ನೊಂಚೂರು ತಡಾ ಆದ್ರ ಏನಾತು? ನೀ ಮಾತ್ರ ತಡಾ ಮಾಡಬ್ಯಾಡ."

ಆಮೇಲೆ ಬುತ್ತಿಯ ಜೊತೆ ಕಂಡಕ್ಟರರ ಬಾಯಲ್ಲಿ ಅವನ ವರ್ತಮಾನ ಬರತೊಡಗಿತು. ಬುತ್ತಿ ಇಳಿಸುತ್ತಲೇ ಅವರು, "ನಿಮ್ಮ ಕಾಕಾ ಹೇಳ್ಯಾರ: ಮಳಿ ಆಗೈತಿ, ಬಿತ್ತಿಗಿ ನಡದೈತಿ, ರೇಡಿಯೋ ನಂಬಬ್ಯಾಡ" ಎಂದು ಒಪ್ಪಿಸಿ, ಆಚೆ ಈಚೆ ನೋಡಿ ಟಿಂಗ್ ಎಂದು ಗಂಟೆ ಹೊಡೆಯುತ್ತಿದ್ದರು.

ಚುನಾವಣೆಯಾಗಿ ಸರಕಾರ ಬದಲಾದಾಗ ಕಾಕಾ ಮುದ್ದೇಬಿಹಾಳಕ್ಕೆ ಬಂದ. ಅಗರಖೇಡದ ಗೆಳೆಯ ಸೊಲ್ಲಾಪುರದಿಂದ ಒಂದು ಬಿಯರ್ ಬಾಟಲಿ ತಂದಿಟ್ಟಿದ್ದ. ಊರ ಹೊರಗೆ ಹೊಲದ ಬದುವಿನ ಮೇಲೆ ಹಾಡುಹಗಲೇ ಕೂತೆವು. ಬಸ್ಸಿನಲ್ಲಿ ಕುಲುಕಿ, ಬಿಸಿಲಲ್ಲಿ ಕಾದ ಬಾಟಲಿಯ ಮುಚ್ಚಳ ತೆಗೆದದ್ದೇ ನೊರೆ ಚಿಮ್ಮಿ ಕಾಕಾನ ಧೋತರ ತೋಯ್ದುಹೋಯಿತು. ಉಳಿದದ್ದರಲ್ಲಿ ಅವನು ಒಂದು ಗುಟುಕು ಕುಡಿದ. ಬಾಯಲ್ಲಿ ಹೊರಳಾಡಿಸಿದ. ಮುಖ ಕಿವುಚಿದ.

"ಇದಕ್ಕಾ ನಾ ಠಾಣೇಕ ಹೋಗಿ ಬಂದದ್ದು?" ಎಂದ. "ಇಪ್ಪತ್ತೊಂದನೇ ಅಂಶ ವಾಪಸ್ ತಗೊಂಡೇನ್ರಪಾ. ರೈತಗ ಮಜ್ಜಿಗಿನ ಇರ್ಲಿ."

ನಾವು ಬದುವಿನ ಮೇಲೆ ಉರುಳಾಡಿ ನಕ್ಕೆವು.

ಕಾಕಾ ಈಗಿಲ್ಲ. ತುಂಬು ವಯಸ್ಸಿನಲ್ಲಿ, ಮೊಮ್ಮಕ್ಕಳ ಜೊತೆ ರಾಜಕೀಯದ ಜಗಳ ಮುಗಿಸಿ ಮಲಗಿದವನು ಏಳಲಿಲ್ಲ. ನಾನು ಓದಿ ಅಧ್ಯಾಪಕನಾದದ್ದು, ಉಂಡದ್ದು, ಉಟ್ಟದ್ದು ಎಲ್ಲವೂ ಅವನು ಅಂದು ಬಸ್ಸು ಹತ್ತಿದ್ದರಿಂದ. ಆದರೆ ಅವನ ನೆನಪಾದಾಗ ಮೊದಲು ಕಣ್ಣಿಗೆ ಬರುವುದು ಆ ಬಸ್ಸಲ್ಲ, ಸಿಂದಗಿಯ ಒಂದು ಪರೀಕ್ಷಾ ಕೋಣೆ.

ನಾನು ಅಲ್ಲಿಯ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬಿ.ಎ. ಕೊನೆಯ ವರ್ಷದ ರಾಜ್ಯಶಾಸ್ತ್ರದ ಪರೀಕ್ಷೆ. ಉತ್ತರಪತ್ರಿಕೆಗಳನ್ನು ಹಿಡಿದು ಒಳಗೆ ಹೋದರೆ, ಖಾಸಗಿಯಾಗಿ ಪರೀಕ್ಷೆ ಕಟ್ಟಿದವರ ಸಾಲಿನಲ್ಲಿ ಧೋತರ ಉಟ್ಟ ಕಾಕಾ! ಸಿಂದಗಿಯ ಕೇಂದ್ರ ಕೇಳಿ ಪಡೆದದ್ದನ್ನು ನನಗೆ ಹೇಳಿರಲಿಲ್ಲ. ಹುಡುಗರೆಲ್ಲ ಎದ್ದು ನಿಂತರು. ಅವನೂ ಎದ್ದು ನಿಂತ. "ಕುಂದರ್ರಿ, ಕುಂದರ್ರಿ" ಎನ್ನುತ್ತ ಕೈಸನ್ನೆ ಮಾಡಿದೆ.

ಮುಕ್ಕಾಲು ಹೊತ್ತು ಕಳೆದ ಮೇಲೆ ಅವನು ಕೈ ಎತ್ತಿದ. "ಸರ್, ಸಪ್ಲಿಮೆಂಟ್ ಬೇಕ್ರಿ."

ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಹೆಚ್ಚುವರಿ ಹಾಳೆ ಕೊಟ್ಟೆ. ಹೋಗಲು ಮನಸ್ಸಾಗದೆ ಅಲ್ಲೇ ನಿಂತೆ. ಅವನು ಬಗ್ಗಿ ಒಂದೇ ಸವನೆ ಬರೆಯುತ್ತಿದ್ದ, ಹೊಲದಲ್ಲಿ ಸಾಲು ಹಿಡಿದವನ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ ಮೆಲ್ಲಗೆ ಹೇಳಿದ:

"ಸರ್, ಜರಾ ಆಚೆ ನಿಂದರ್ರಿ. ನೆರಳ ಬೀಳಾಕತ್ತೈತಿ."

ನಾನು ಹಿಂದೆ ಸರಿದೆ. ಕಿಟಕಿಯ ಬೆಳಕು ಅವನ ಹಾಳೆಯ ಮೇಲೆ ಬಿತ್ತು.