ಗಂಗಕ್ಕನ ಟೇಪು

ಇಂದು ಬೆಳಿಗ್ಗೆಯೂ ಎಂದಿನಂತೆ ರೊಟ್ಟಿ ಬಡಿದು, ಯಜಮಾನರ ಡಬ್ಬಿ ಕಟ್ಟಿ, ಅವರನ್ನು ದಾಂಡೇಲಿ ಬಸ್ಸಿಗೆ ಕಳಿಸಿ, ಕುಪ್ಪಸದ ಅರಿವೆ ಹಿಡಿದು ಹೊರಟೆ. ಕಾಲುಗಳು ತಾವಾಗಿಯೇ ಗಂಗಕ್ಕನ ಹೊಲಿಗೆ ಅಂಗಡಿಯ ಬಾಗಿಲಿಗೆ ಹೋಗಿ ನಿಂತವು. ಅವರು ತೀರಿಕೊಂಡು ಎರಡು ತಿಂಗಳಾಯಿತು.

ಹಳಿಯಾಳದ ಬೇರೆ ಟೇಲರುಗಳು ಅಳತೆಗೆಂದು ಹಳೆಯ ಕುಪ್ಪಸ ಕೇಳುತ್ತಾರೆ. ಐವತ್ತರ ಆಸುಪಾಸಿನ ಹೆಂಗಸರು ತಂದದ್ದನ್ನು ಗಂಗಕ್ಕ ಮುಟ್ಟುತ್ತಲೇ ಇರಲಿಲ್ಲ. ಕೊರಳಲ್ಲಿ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಅವುಗಳ ಸಂದಿಯಿಂದಲೇ ಮಾತು. "ಕುಪ್ಪಸ ಸುಳ್ಳ ಹೇಳ್ತೈತಿ, ಮೈ ಹೇಳಂಗಿಲ್ಲ. ಕೈ ಎತ್ತ ತಂಗಿ."

ನನ್ನ ಮುಟ್ಟು ನಿಂತ ವರ್ಷ ಟೇಪು ಹೊಟ್ಟೆಯ ಸುತ್ತಲೂ ಬಂತು.

"ರಾತ್ರಿ ಊಟ ಬಿಟ್ಟೀಯೇನು?"

"ಬಿಟ್ಟೇನ್ರಿ ಅಕ್ಕಾ."

"ಅದಕ್ಕ ಮಾರಿ ಸೊರಗೇತಿ, ಹೊಟ್ಟಿ ಹಂಗ ಐತಿ. ಈ ವಯಸ್ಸಿನಾಗ ತೊಡೀ ಕೊಬ್ಬು ಹೊಟ್ಟಿಗೆ ಬರ್ತೈತಿ. ತಪ್ಪು ನಿಂದಲ್ಲ."

ನಾನು ಕಲಿತ ಕಾನ್ವೆಂಟ್ ಶಾಲೆಯ ಸಿಸ್ಟರುಗಳು ನಮಗೆ ಮೈ ಮುಚ್ಚಿಕೊಳ್ಳುವುದನ್ನು ಕಲಿಸಿದ್ದರು. ಮೈಯ ಬಗ್ಗೆ ನೆಟ್ಟಗೆ ಮಾತಾಡಿದವರು ಗಂಗಕ್ಕ ಒಬ್ಬರೇ.

ಮುಟ್ಟು ನಿಂತ ಮೇಲೆ ಅವರಿಗೂ ಮೈ ಕುದಿದು, ನಿದ್ದೆಗೆಟ್ಟು, ಮಷೀನು ತುಳಿಯಲಾಗದೆ ಹೋದಾಗ ಹುಬ್ಬಳ್ಳಿಯ ಡಾಕ್ಟರಮ್ಮ ಹಾರ್ಮೋನು ಗುಳಿಗೆ ಕೊಟ್ಟಿದ್ದರು. ತೂಕವೇನೂ ಇಳಿಯಲಿಲ್ಲ, ಹೊಟ್ಟೆಯ ಅಳತೆ ಮಾತ್ರ ಬೆಳೆಯುವುದು ನಿಂತಿತು. ಓಣಿಯ ಹೆಂಗಸರು "ಮುದಕಿಗೆ ಹರೇದ ಗುಳಿಗಿ" ಎಂದು ನಕ್ಕರೆ, "ಹರೇ ನೀವ ಇಟ್ಕೊಳ್ರವಾ, ನನಗ ನಿದ್ದಿ ಸಾಕು" ಎನ್ನುತ್ತಿದ್ದರು.

ನಾನೂ ಆಸೆಗೆ ಬಿದ್ದು ನಾಲ್ಕು ಗುಳಿಗೆ ಕೇಳಿದೆ. ಗಂಗಕ್ಕ ಸೂಜಿಗಳನ್ನು ಬಾಯಿಂದ ತೆಗೆದರು.

"ನನ್ನ ಅಳತಿ ಕುಪ್ಪಸ ನಿನಗ ಬರ್ತೈತೇನು? ನಡಿ, ಡಾಕ್ಟರ್ ಕಡೆ ಹೋಗೂಣು."

ಮರುದಿನವೇ ಅಂಗಡಿ ಮುಚ್ಚಿ ನನ್ನನ್ನು ಹುಬ್ಬಳ್ಳಿ ಬಸ್ಸು ಹತ್ತಿಸಿ ತಾವೂ ಬಂದರು.

ಡಾಕ್ಟರಮ್ಮ ಒಂದೊಂದೇ ಕೇಳುತ್ತ ಹೋದರು. ಬಾಣಂತಿಯಾಗಿದ್ದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ನನಗೆ ಆಗ ನೆನಪಾಯಿತು. ಅವರು ಪೆನ್ನು ಕೆಳಗಿಟ್ಟರು.

"ಆ ಗುಳಿಗಿ ನಿಮಗ ಬ್ಯಾಡ್ರಿ. ಮತ್ತ ಹೆಪ್ಪುಗಟ್ಟಿದ್ರ ಜೀವಕ್ಕ ಬರ್ತೈತಿ. ಇವರಿಗೂ ನಾ ಅದನ್ನ ಹೊಟ್ಟಿ ಕರಗಸಾಕ ಕೊಟ್ಟಿಲ್ಲ."

ನನ್ನ ಪಾಲಿಗೆ ಬಂದದ್ದು ಕಾಳು, ಬೇಳೆ, ಹೊತ್ತಿಗೆ ಸರಿಯಾದ ಊಟ, ದಿನವೂ ನಡಿಗೆ, ಒಂದಿಷ್ಟು ಭಾರ ಎತ್ತುವುದು. ಹಳಿಯಾಳ ಬರುವವರೆಗೂ ಗಂಗಕ್ಕ ನನ್ನ ಕೈ ಬಿಡಲಿಲ್ಲ. ನಾಲ್ಕನೇ ಇಯತ್ತೆಯವರೆಗಷ್ಟೇ ಶಾಲೆ ಕಲಿತ ಈ ಹೆಂಗಸು ನನ್ನ ಜೀವ ಉಳಿಸಿದರು. ಅವರ ಗಿರಾಕಿಯಾಗಿದ್ದೆ ಎನ್ನಲು ನನಗೆ ಇಂದಿಗೂ ಹೆಮ್ಮೆ.

ಅರಿವೆಯನ್ನು ಪೇಟೆಯ ಹೊಸ ಟೇಲರಿಗೆ ಕೊಟ್ಟು ಬಂದೆ. ಸಂಜೆ ಪಕ್ಕದ ಮನೆಯ ಸುಮಿತ್ರಾ ಒಣಗಿದ ಬಟ್ಟೆ ತೆಗೆಯುತ್ತ ಅಂದಳು:

"ಅವನ ಕಡೆ ಕೊಟ್ರೇನ್ರಿ? ಛಲೋ ಆತು ಬಿಡ್ರಿ. ಭಾಳ ಶಾಣ್ಯಾ ಅದಾನ, ಹಳೇ ಕುಪ್ಪಸ ಇಸ್ಕೊಂತಾನ, ಮೈ ಸುದ್ದಿ ಒಂದೂ ಕೇಳಂಗಿಲ್ಲ."