ಗಂಗಮ್ಮನ ಮನೆಯ ಮುಯ್ಯಾಳು

ಸೊರಬದ ಕಾಲೇಜಿನಲ್ಲಿ ಅದು ನನ್ನ ಮೊದಲ ಆಗಸ್ಟ್. ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋದರೆ ಅರ್ಧ ಬೆಂಚುಗಳು ಖಾಲಿ. ಊರಲ್ಲಿ ಏನಾದರೂ ಅನಾಹುತವಾಯಿತೇ ಎಂದು ಗಾಬರಿಯಾದೆ. "ನೆಟ್ಟಿ ಶುರುವಾಗಿದೆ ಮೇಡಂ," ಎಂದಳು ಮುಂದಿನ ಬೆಂಚಿನ ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬ ಮುಖ ಮಾಡಿ. ನೆಟ್ಟಿ ಎಂದರೆ ಭತ್ತದ ಸಸಿ ನೆಡುವ ಕೆಲಸ. ಮುಳಬಾಗಿಲಿನ ಒಣಭೂಮಿಯಲ್ಲಿ ಬೆಳೆದ ನನಗೆ ಆ ಪದವೂ ಹೊಸದು, ಅದಕ್ಕಾಗಿ ಕಾಲೇಜು ಖಾಲಿಯಾಗುವುದೂ ಹೊಸದು.

ಅಲ್ಲಿ ಹೇಗಿದೆ ಎಂದು ನಮ್ಮೂರಿನವರು ನೀವೆಲ್ಲ ಕೇಳುತ್ತೀರಿ. ನನಗೆ 'ಅಲ್ಲಿ' ಎಂದರೆ ಎರಡು ಊರು. ಮನೆ ಸಿಕ್ಕಿದ್ದು ಶಿಕಾರಿಪುರದಲ್ಲಿ, ಪಾಠ ಸೊರಬದಲ್ಲಿ. ನಡುವೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಮನೆಯ ಯಜಮಾನರು ಕಿರಾಣಿ ವ್ಯಾಪಾರಿಗಳು. "ಬರ್ರೀ ಮೇಡಂ, ರೊಟ್ಟಿ ಉಣ್ರೀ" ಎಂದು ಬಾಯ್ತುಂಬ ಕರೆಯುತ್ತಾರೆ. ಸೊರಬದಲ್ಲಿ ಮಾತು ಇನ್ನೂ ಮೆತ್ತಗೆ, ಊಟಕ್ಕೆ ಅನ್ನ. ಊರಿಂದ ತಂದಿದ್ದ ರಾಗಿ ಹಿಟ್ಟು ಮುಗಿದ ದಿನ ಒಲೆಯ ಮುಂದೆ ಕೂತು ಅತ್ತಿದ್ದೇನೆ. ನಗಬೇಡಿ.

ಖಾಲಿ ಬೆಂಚುಗಳಲ್ಲಿ ಒಂದು ರೇಣುಕಾಳದು. ಕ್ಯಾಸನೂರಿನ ಕಡೆಯ ಹುಡುಗಿ, ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಸೆಮಿಸ್ಟರ್ ಮುಗಿಯುತ್ತ ಬಂದಿತ್ತು. ಇನ್ನು ನಾಲ್ಕು ದಿನ ತಪ್ಪಿಸಿದರೆ ಹಾಜರಾತಿ ಸಾಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಒಮ್ಮೆ ಬಿಟ್ಟ ಹುಡುಗಿಯರು ಮರಳಿ ಬರುವುದು ಕಡಿಮೆ. ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು ಎದ್ದಿರುತ್ತದೆ. ಫೋನು ಮಾಡಿದರೆ ಎತ್ತಲಿಲ್ಲ. ಮನೆಗೇ ಹೋದೆ.

ತಾಯಿ ಗಂಗಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಜ್ವರ ಬಂದು ಹೋದ ಮೇಲೆ ಕೈಕಾಲಿಗೆ ಶಕ್ತಿ ಬಂದಿರಲಿಲ್ಲ. ಮನೆಯಲ್ಲಿ ದುಡಿಯುವವಳು ಮಗಳೊಬ್ಬಳೇ. ಹಾಗಾಗಿ ನಾಲ್ಕು ಮನೆಯವರು ಬಂದು ಇವರ ಗದ್ದೆ ನೆಟ್ಟುಕೊಟ್ಟಿದ್ದರು. ಈಗ ಆ ನಾಲ್ಕು ಮನೆಗೂ ಇಲ್ಲಿಂದ ಒಂದೊಂದು ದಿನ ಆಳು ಹೋಗಬೇಕು. ಇದಕ್ಕೆ ಮುಯ್ಯಾಳು ಎನ್ನುತ್ತಾರೆ.

ನಮ್ಮ ಕಡೆ ಟೊಮೆಟೊ ಕೀಳಲು ಆಟೋದಲ್ಲಿ ಆಳು ತುಂಬಿಕೊಂಡು ಬರುತ್ತಾರೆ, ಸಂಜೆ ಕೂಲಿ ಕೊಟ್ಟರೆ ಲೆಕ್ಕ ಚುಕ್ತಾ. ಅದೇ ಬುದ್ಧಿಯಲ್ಲಿ, "ಅಷ್ಟೇ ತಾನೇ? ಕೂಲಿ ನಾನು ಕೊಡ್ತೀನಿ, ಯಾರನ್ನಾದರೂ ಕಳಿಸಿ" ಎಂದುಬಿಟ್ಟೆ.

ಗಂಗಮ್ಮನ ಮುಖ ಸಣ್ಣದಾಯಿತು. "ನಾನು ಮಲಗಿದ್ದಾಗ ಅವರು ಕೂಲಿಗೆ ಬಂದಿರ್ಲಿಲ್ಲ ಮೇಡಮ್ಮೋರೆ. ದುಡ್ಡು ಬಿಸಾಕಿದ್ರೆ ನಾಳೆ ಯಾವ ಮುಖ ಇಟ್ಕಂಡು ಅವರನ್ನ ಮಾತಾಡ್ಸಲಿ? ಮನೆಯವರೇ ಹೋಗ್ಬೇಕು."

ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಕೆಸರುಗಾಲಿನಲ್ಲಿ ಬಂದ ರೇಣುಕಾ, "ಬಿಡಿ ಮೇಡಂ, ನನ್ನ ಹಣೇಲಿ ಓದು ಇಷ್ಟೇ ಬರ್ದಿರೋದು" ಎಂದಳು. ಹತ್ತೊಂಬತ್ತು ವರ್ಷದ ಹುಡುಗಿ ಆಡುವ ಮಾತೇ ಇದು? ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಪಕ್ಕದ ಮನೆಯ ಹಾಲಮ್ಮನ ಬಾಗಿಲಿಗೆ ಹೋದೆ. ಆ ನಾಲ್ಕು ಮನೆಗಳಲ್ಲಿ ಮರುದಿನದ ನೆಟ್ಟಿ ಅವರದು. "ರೇಣುಕಾ ಬದಲು ನಾನು ಬಂದರೆ ಆಗುತ್ತಾ?"

ಹಾಲಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಗಂಗಮ್ಮನ ಮನೆಯಿಂದ ಬಂದ್ರೆ ನೀವೂ ಗಂಗಮ್ಮನ ಮನೆಯವರೇ. ಸೀರೆ ಎತ್ತಿ ಕಟ್ಟಕ್ಕೆ ಬರತ್ತೇನ್ರೀ?"

ಗೌರಿ ಹಬ್ಬಕ್ಕೆ ಊರಿಗೆ ಬರಲೆಂದು ಉಳಿಸಿಕೊಂಡಿದ್ದ ನಾಲ್ಕು ದಿನದ ರಜೆ ಹಾಕಿದೆ. ಮೇಡಂ ಗದ್ದೆಯಲ್ಲಿ, ರೇಣುಕಾ ತರಗತಿಯಲ್ಲಿ ಎಂದು ಸಹೋದ್ಯೋಗಿಗಳು ಬಹಳ ದಿನ ಆಡಿಕೊಂಡರು. ನಾನು ನೆಟ್ಟ ಸಾಲನ್ನು ಹಾಲಮ್ಮ ಹಿಂದಿನಿಂದ ಕಿತ್ತು ಮತ್ತೆ ನೆಡುತ್ತಿದ್ದರು, ಒಂದು ಮಾತೂ ಆಡದೆ. ಸೊಂಟ ಬಿದ್ದುಹೋಯಿತು. ಆ ಹಬ್ಬದ ದಿನ ಅಮ್ಮ ಫೋನಿನಲ್ಲಿ ಅತ್ತಳು.

ರೇಣುಕಾ ಪರೀಕ್ಷೆ ಬರೆದಳು. ಈಗ ಕೊನೆಯ ವರ್ಷದಲ್ಲಿದ್ದಾಳೆ. ಆದರೆ ಅದೇ ತರಗತಿಯ ಇನ್ನೊಬ್ಬಳು ಆ ನೆಟ್ಟಿಯ ನಂತರ ಬರಲೇ ಇಲ್ಲ. ನನ್ನ ಬಳಿ ರಜೆ ಉಳಿದಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ಅವಳ ಮನೆ ಎಲ್ಲಿದೆ ಎಂದೂ ವಿಚಾರಿಸಿರಲಿಲ್ಲ. ಅವಳ ಹಾಜರಿ ಸಂಖ್ಯೆ ಇಂದಿಗೂ ನೆನಪಿದೆ.

ಎರಡು ವರ್ಷದಿಂದ ನಾನು ಕೇಳುತ್ತಿದ್ದ ವರ್ಗಾವಣೆ ಕಳೆದ ವಾರ ಬಂತು, ನಮ್ಮ ಕೋಲಾರದ ಕಡೆಗೇ. ಅದೇ ದಿನ ಗಂಗಮ್ಮನ ಫೋನು. "ಮೇಡಮ್ಮೋರೆ, ನಮ್ಮ ನೆಟ್ಟಿ ಸೋಮವಾರ." ಬರುತ್ತೀರಾ ಎಂದು ಕೇಳಲಿಲ್ಲ. ಮನೆಯವರಿಗೆ ಹೇಳುವ ಹಾಗೆ ಹೇಳಿ ಇಟ್ಟರು.

ಸಂಜೆ ಅಮ್ಮನಿಗೆ ಸುದ್ದಿ ತಿಳಿಸಿದೆ. "ಯಾವಾಗ ಬರ್ತೀಯ ತಾಯಿ?" ಎಂದಳು.

"ನೆಟ್ಟಿ ಮುಗಿಸ್ಕೊಂಡು ಬರ್ತೀನಮ್ಮ."

ಹಾಗೆಂದರೇನು ಎಂದು ಬಿಡಿಸಿ ಹೇಳಬೇಕಾಯಿತು. ಅಮ್ಮ ಕೇಳಿದಳು, "ಅಲ್ಲಿ ನಮ್ದು ಗದ್ದೆ ಎಲ್ಲೈತೆ?"

"ಗಂಗಮ್ಮನ ಮನೆ ಗದ್ದೆ ಐತಲ್ಲಮ್ಮ," ಎಂದೆ.