ಕಂಡಕ್ಟರಮ್ಮ ಹೇಳುವ ದಾರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಸ್ಟಾಪಿನಿಂದ ಆಸ್ಪತ್ರೆಗೆ ಹೋಗುವ ಓಣಿಯಲ್ಲಿ ಹೆಂಗಸೊಬ್ಬರು ಗೋಡೆಯ ಪಕ್ಕ ನಿಂತು ತಮ್ಮಷ್ಟಕ್ಕೆ ತಾವೇ ಮಾತಾಡುತ್ತಿದ್ದಾರೆ. ಕೈಯಲ್ಲಿ ಬಿಳಿ ಕೋಲು. ಕೊರಳಿನ ಪಟ್ಟಿಯಲ್ಲಿ ಮೊಬೈಲ್ ತೂಗುತ್ತಿದೆ. ಇಯರ್‌ಫೋನ್ ಒಂದೇ ಕಿವಿಯಲ್ಲಿದೆ. ಇನ್ನೊಂದು ಕಿವಿ ಬೀದಿಗೆ ಮೀಸಲು. “ಎಡಗಡೆ ಗೋಡೆ ಬಿಡ್ಬೇಡಿ. ಗೋಡೆ ಮುಗಿದ ಕೂಡ್ಲೇ ಕಾಲಡಿ ಕಲ್ಲು ಒರಟಾಗುತ್ತೆ. ಅಲ್ಲೇ ನಿಲ್ಲಿ. ಬಲಕ್ಕೆ ತಿರುಗಿ,” ಎನ್ನುತ್ತಾರೆ. ಫೋನು ಅವರ ಮಾತನ್ನು ಅವರಿಗೇ ಒಪ್ಪಿಸುತ್ತದೆ. ಅವರು ತಲೆ ಅಲ್ಲಾಡಿಸುತ್ತಾರೆ. “ಊಹೂಂ, ‘ನಿಲ್ಲಿ’ ಅನ್ನೋದು ತಡ ಆಯ್ತು. ಅಷ್ಟೊತ್ತಿಗೆ ಇನ್ನೊಂದು ಹೆಜ್ಜೆ ಇಟ್ಟಿರ್ತಾರೆ.” ಹೇಳಿದ್ದನ್ನು ಅಳಿಸಿ, ಗೋಡೆಯ ಆ ತುದಿಗೆ ಹಿಂದಿರುಗಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಬೆಳಗ್ಗೆ ಬೇಗ ಏಳುವುದೆಂದರೆ ನನಗೆ ಪ್ರಾಣಸಂಕಟ. ಆದರೂ ಇವರ ಬಗ್ಗೆ ಬರೆಯಬೇಕೆಂದು ಬಂದವನು, ಆಕಳಿಸುತ್ತ ಅವರ ಹಿಂದೆ ಹಿಂದೆಯೇ ಹೋಗುತ್ತೇನೆ. ರಸ್ತೆ ದಾಟುವಾಗ ಭಾರೀ ಉಪಕಾರಿಯ ಹಾಗೆ ಅವರ ತೋಳು ಹಿಡಿದುಕೊಳ್ಳುತ್ತೇನೆ. “ಕೈ ಬಿಡಿ ಸ್ವಾಮಿ,” ಎನ್ನುತ್ತಾರೆ. “ನೀವು ಹಿಡ್ಕೊಂಡ್ರೆ ನಾನು ನಿಮ್ಮನ್ನ ನಂಬಿ ನಡೆದುಬಿಡ್ತೀನಿ. ನಾಳೆ ಇಲ್ಲಿ ನಡೆಯೋರಿಗೆ ನೀವು ಸಿಗ್ತೀರಾ?” ನಾನು ತೆಪ್ಪಗೆ ಕೈ ಬಿಡುತ್ತೇನೆ.

ಇವರನ್ನು ಎಲ್ಲರೂ ಕರೆಯುವುದು ಕಂಡಕ್ಟರಮ್ಮ ಎಂದೇ. ಬಸ್ಸಿನ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಇವರನ್ನು ಬಿಟ್ಟಿಲ್ಲ. ಈಗಿನ ಕೆಲಸಕ್ಕಂತೂ ಹೆಸರೇ ಇಲ್ಲ. ಸೈಕಲ್ ಅಂಗಡಿಯೊಂದರ ಮಹಡಿಯ ಮೇಲಿನ ಕೋಣೆಯಲ್ಲಿ ಕೆಲವರು ಸೇರಿ ಕಣ್ಣು ಕಾಣದವರಿಗೆ ದಾರಿ ಹೇಳುವ ಆ್ಯಪ್ ಒಂದನ್ನು ನಡೆಸುತ್ತಾರೆ. ಆ ಆ್ಯಪ್ ಹೇಳುವ ದಾರಿಗಳನ್ನು ಮೊದಲು ನಡೆದು ನೋಡುವವರು ಕಂಡಕ್ಟರಮ್ಮ. ಸ್ವತಃ ಅವರಿಗೂ ಕಣ್ಣು ಕಾಣುವುದಿಲ್ಲ.

ದಾರಿ ತೋರಿಸುವ ಆ್ಯಪ್‌ಗಳು ನಮ್ಮೆಲ್ಲರ ಫೋನಿನಲ್ಲೂ ಇವೆ. ನೀವು ತಲುಪಬೇಕಾದ ಸ್ಥಳ ಬಂತು ಎಂದು ಹೇಳಿ ಅವು ಕೈ ತೊಳೆದುಕೊಳ್ಳುತ್ತವೆ. ನಾವು ಕತ್ತೆತ್ತಿ ಬೋರ್ಡು ನೋಡಿ ಒಳಗೆ ಹೋಗುತ್ತೇವೆ. ಕಣ್ಣಿಲ್ಲದವರ ಕಷ್ಟ ಶುರುವಾಗುವುದೇ ಅಲ್ಲಿಂದ. ಬಾಗಿಲು ಎಲ್ಲಿದೆ, ಮೆಟ್ಟಿಲು ಮೇಲಕ್ಕೋ ಕೆಳಕ್ಕೋ, ಮಧ್ಯೆ ಬಾಯ್ತೆರೆದ ಮೋರಿ ಇದೆಯೋ ಎಂದು ಯಾರು ಹೇಳಬೇಕು? ಎತ್ತರದ ಕಟ್ಟಡಗಳ ನಡುವಿನ ಓಣಿಗಳಲ್ಲಂತೂ ಫೋನಿಗೆ ತಾನೆಲ್ಲಿದ್ದೇನೆ ಎಂಬುದೇ ನೆಟ್ಟಗೆ ತಿಳಿಯುವುದಿಲ್ಲ, ಪಕ್ಕದ ಬೀದಿಯಲ್ಲಿದ್ದೇನೆ ಅಂದುಕೊಳ್ಳುತ್ತದೆ. “ಅದಕ್ಕೂ ನನ್ ಥರಾನೇ ಕಣ್ಣು ಮಂಜು,” ಎಂದು ಕಂಡಕ್ಟರಮ್ಮ ನಗುತ್ತಾರೆ. ಅಂಥ ಕಡೆ ಗುರುತುಗಳನ್ನು ಮನುಷ್ಯರ ದನಿಯಲ್ಲೇ ಮೊದಲೇ ತುಂಬಿಸಿಡಬೇಕು. ನಡೆಯುವವರು ಒಂದು ಗುರುತು ಸಿಕ್ಕಿತೆಂದು ಫೋನನ್ನು ತಟ್ಟಿದರೆ ಅದು ಮುಂದಿನದನ್ನು ಹೇಳುತ್ತದೆ. ಆ ದನಿ ಇವರದು.

ಇವರ ದೃಷ್ಟಿ ಕೈಕೊಡತೊಡಗಿದ್ದು ಬಸ್ಸಿನಲ್ಲಿದ್ದಾಗಲೇ. “ಮೊದ್ಲು ಸಂಜೆ ಹೋಯ್ತು. ಆಮೇಲೆ ಅಕ್ಕಪಕ್ಕ ಇರೋದೆಲ್ಲ ಹೋಯ್ತು. ಕೊಳವೇಲಿ ನೋಡ್ದಂಗೆ ಎದುರಿಗಿರೋದಷ್ಟೇ ಉಳೀತು. ಒಂದಿನ ಅದೂ ಇಲ್ಲ.” ಕೆಲಸ ಹೋದೀತೆಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಗುಟ್ಟು ಗೊತ್ತಿದ್ದವರು ಒಬ್ಬರೇ, ಆ ಬಸ್ಸಿನ ಡ್ರೈವರ್. ಅವರು ಇವರ ಗಂಡ. ಕತ್ತಲಾದ ಮೇಲೆ ಹಿಂಬಾಗಿಲಲ್ಲಿ ಯಾರಾದರೂ ಇನ್ನೂ ಇಳಿಯುತ್ತಿದ್ದರೆ ಅವರು ಕನ್ನಡಿಯಲ್ಲಿ ನೋಡಿ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದರೆ ಇವರು ‘ರೈಟ್’ ಅನ್ನುತ್ತಿರಲಿಲ್ಲ. ಒಂದು ಸಂಜೆ ಡ್ರೈವರಿಗೆ ನಿಜವಾಗಿಯೂ ನೆಗಡಿ ಹಿಡಿಯಿತು. “ಅವ್ರು ಕೆಮ್ತಾನೇ ಇದ್ರು, ನಾನು ನಿಂತೇ ಇದ್ದೆ. ಬಸ್ಸು ಅಲ್ಲಾಡ್ಲೇ ಇಲ್ಲ. ಪ್ಯಾಸೆಂಜರ್‌ಗಳು ಬಾಯಿಗೆ ಬಂದಂಗೆ ಬೈದ್ರು,” ಎಂದು ತಮ್ಮ ಮನೆಯಲ್ಲಿ ಕೂತು ಹೇಳುವಾಗ ಒಳಗೆ ಹಾಲು ಕಾಯಿಸುತ್ತಿದ್ದ ಗಂಡ ಅಡುಗೆಮನೆಯಿಂದಲೇ ಒಂದು ಸಲ ಕೆಮ್ಮುತ್ತಾರೆ. ಇಬ್ಬರೂ ನಗುತ್ತಾರೆ. ಆ ನೆಗಡಿಯ ಸಂಜೆಯ ಮರುದಿನವೇ ಕಂಡಕ್ಟರಮ್ಮ ತಾವಾಗಿ ಹೋಗಿ ಚೀಲ ಒಪ್ಪಿಸಿ ಬಂದಿದ್ದರು. ಕೆಮ್ಮಿನ ಸದ್ದನ್ನು ನಂಬಿ ಜನರ ಜೀವ ಒತ್ತೆ ಇಡಲಾಗದು ಎಂದು ಅವರಿಗೆ ಅರ್ಥವಾಗಿತ್ತು.

ಹಾಗೆ ಅರ್ಥವಾಗಿದ್ದವರೇ ಮುಂದೊಂದು ದಿನ ಅದೇ ತಪ್ಪು ಮಾಡಿದರು. ಅದನ್ನು ಅವರು ನನ್ನಿಂದ ಮುಚ್ಚಿಡಲಿಲ್ಲ. “ನನ್ನ ಬಗ್ಗೆ ಬರೀತೀರಾದ್ರೆ ಅದನ್ನೇ ಮೊದ್ಲು ಬರೀರಿ,” ಎಂದು ಪಟ್ಟು ಹಿಡಿದರು.

ಈ ಓಣಿಯ ತಿರುವಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ಇದೆ. ನಸುಕಿನಲ್ಲೇ ಅದರ ಯಂತ್ರ ಶುರುವಾಗುತ್ತದೆ. ಧಡಧಡ ಎನ್ನುವ ಆ ಸದ್ದು ಕಿವಿಗಷ್ಟೇ ಅಲ್ಲ, ಅಂಗಾಲಿಗೂ ತಾಗುತ್ತದೆ. ಮೊದಲ ಸಲ ಈ ದಾರಿಯನ್ನು ನಡೆದಾಗ ಅಷ್ಟು ಸ್ಪಷ್ಟವಾದ ಗುರುತು ಸಿಕ್ಕಿದ್ದಕ್ಕೆ ಕಂಡಕ್ಟರಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದರು. ‘ಮಿಷನ್ ಸದ್ದು ಎದುರಿಗೆ ಬಂದ ಕೂಡ್ಲೇ ಬಲಕ್ಕೆ ತಿರುಗಿ’ ಎಂದು ದನಿ ತುಂಬಿಸಿ ಮನೆಗೆ ಬಂದರು. ನೋಡುವ ಕಣ್ಣಿದ್ದ ಯಾರೂ ಸದ್ದನ್ನು ಮೈಲಿಗಲ್ಲು ಮಾಡಿಕೊಳ್ಳುತ್ತಿರಲಿಲ್ಲ. ಕಿವಿಯಿಂದಲೇ ಬದುಕುವವರಿಗೆ ಮಾತ್ರ ಆಗಬಹುದಾದ ತಪ್ಪು ಅದು.

ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ದಿನವೂ ಆ ದನಿಯನ್ನು ನಂಬಿ ನಡೆಯುತ್ತಿದ್ದರು. ಆಕೆಗೆ ಹುಟ್ಟಿನಿಂದ ಕಣ್ಣಿಲ್ಲ. ಒಂದು ಬೆಳಗ್ಗೆ ಪ್ರೆಸ್ಸಿನ ಯಂತ್ರ ಕೆಟ್ಟು ನಿಂತಿತ್ತು. ಸದ್ದು ಬರಲಿ ಎಂದು ಕಾಯುತ್ತ ಆಕೆ ನಡೆದರು, ಇನ್ನೂ ನಡೆದರು, ತಿರುವು ದಾಟಿ ಹೋಯಿತು. ಓಣಿಯ ಕೊನೆಯಲ್ಲಿ ಲಾರಿಗಳಿಂದ ಸರಕು ಇಳಿಸುವ ಎತ್ತರದ ಕಟ್ಟೆ ಇದೆ. ಓಣಿಯ ನೆಲ ಸೀದಾ ಅದರ ಮೇಲಕ್ಕೇ ಹೋಗುತ್ತದೆ, ಅಂಚಿಗೆ ತಡೆಗೋಡೆ ಇಲ್ಲ. ಆಕೆ ಅದರ ಅಂಚಿನಿಂದ ಕೆಳಗೆ ಬಿದ್ದರು. ತೊಡೆಯ ಮೂಳೆ ಮುರಿಯಿತು. ಆಕೆ ದಿನವೂ ಫೋನೆತ್ತಿ ಮಾತಾಡುವ ಆಸ್ಪತ್ರೆಗೇ ಜನ ಆಕೆಯನ್ನು ಹೊತ್ತುಕೊಂಡು ಹೋದರು.

“ಬಿದ್ದಾಗ ಕಿವೀಲಿ ನನ್ನ ದನಿ ಇತ್ತು. ಅದೊಂದನ್ನ ನೆನೆಸ್ಕೊಂಡ್ರೆ ಅನ್ನ ಗಂಟಲಲ್ಲಿ ಇಳಿಯಲ್ಲ,” ಎನ್ನುತ್ತಾರೆ ಕಂಡಕ್ಟರಮ್ಮ.

ಅಂದಿನಿಂದ ಅವರ ಕೆಲಸದ ರೀತಿಯೇ ಬದಲಾಗಿದೆ. ತಾವು ದನಿ ಕೊಟ್ಟ ದಾರಿಗಳನ್ನೆಲ್ಲ ಒಂದೊಂದಾಗಿ ಮತ್ತೆ ನಡೆಯುತ್ತಿದ್ದಾರೆ. ಬೆಳಗ್ಗೆ ನಡೆದ ದಾರಿಯನ್ನು ಮಧ್ಯಾಹ್ನ ಇನ್ನೊಮ್ಮೆ, ಅಂಗಡಿಗಳಿಗೆ ರಜೆ ಇದ್ದ ದಿನ ಮತ್ತೊಮ್ಮೆ ನಡೆಯುತ್ತಾರೆ. ಬೇಕರಿಯ ವಾಸನೆ, ಗ್ಯಾರೇಜಿನ ಸುತ್ತಿಗೆ, ಶಾಲೆಯ ಗಲಾಟೆ ಇವೆಲ್ಲವನ್ನೂ ಕಿತ್ತುಹಾಕಿದ್ದಾರೆ. ಗೋಡೆಯ ಅಂಚು, ನೆಲದ ಇಳಿಜಾರು, ಮೋರಿಯ ಕಬ್ಬಿಣದ ಮುಚ್ಚಳ, ಕೋಲಿಗೆ ತಾಗುವ ಕಂಬ ಮಾತ್ರ ಉಳಿದಿವೆ. “ಸದ್ದು ಮಾಡೋದನ್ನ ನಂಬಬಾರ್ದು ಸ್ವಾಮಿ. ಸುಮ್ನೆ ಬಿದ್ದಿರುತ್ತಲ್ಲ, ಅದನ್ನ ನಂಬಬೇಕು,” ಎನ್ನುತ್ತಾರೆ. ಸೈಕಲ್ ಅಂಗಡಿಯ ಮಹಡಿಯವರಿಗೆ ಇದು ತಲೆನೋವಾಗಿದೆಯಂತೆ. ಹೊಸ ದಾರಿಗಳಿಗಾಗಿ ಕಾಯುವವರು ಬೇಕಾದಷ್ಟು ಜನ, ಈಕೆ ನೋಡಿದರೆ ಹಳೆಯದನ್ನೇ ತಿದ್ದುತ್ತ ಕೂತಿದ್ದಾರೆ. ಯಾರು ಏನೆಂದರೂ ಇವರು ಜಪ್ಪಯ್ಯ ಅನ್ನುವುದಿಲ್ಲ.

ಆಪರೇಟರ್ ಮೂಳೆ ಕೂಡಿ ಕೆಲಸಕ್ಕೆ ಮರಳಿದ್ದಾರೆ. ಒಬ್ಬರೇ ನಡೆಯುವ ಧೈರ್ಯ ಮಾತ್ರ ಮರಳಿಲ್ಲ. ಈವರೆಗೆ ಅವರಣ್ಣ ತನ್ನ ಕೆಲಸಕ್ಕೆ ಹೋಗುವ ಮುಂಚೆ ಸ್ಕೂಟರಿನಲ್ಲಿ ಬಿಟ್ಟು ಹೋಗುತ್ತಿದ್ದರು. ಈಗ ಅವರಿಗೆ ಬೇರೆ ಊರಿಗೆ ವರ್ಗವಾಗಿದೆ. “ಇವಳನ್ನೂ ಜೊತೆಗೆ ಕರ್ಕೊಂಡು ಹೋಗ್ತೀನಿ. ನಮಗೇನು ಭಾರವಾ?” ಎನ್ನುತ್ತಾರೆ ಅಣ್ಣ. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಹೇಳುತ್ತಾರೆ. ತಂಗಿಯ ಮುಖ ಬಿಗಿಯುತ್ತದೆ. “ಭಾರ ಅಲ್ಲ ಅಣ್ಣ. ಅಲ್ಲಿ ನಾನೇನ್ ಮಾಡ್ಲಿ? ಅತ್ತಿಗೆ ಬಡಿಸಿದ್ದನ್ನ ಉಂಡು ಕೂತಿರ್ಲಾ? ಇಲ್ಲಿ ಫೋನೆತ್ತಿದ್ರೆ ಜನ ನನ್ನನ್ನ ಡಾಕ್ಟರ್ ಬೇಕು, ಆಂಬುಲೆನ್ಸ್ ಬೇಕು ಅಂತ ಕೇಳ್ತಾರೆ.” ಈ ಓಣಿಯನ್ನು ತಾನೊಬ್ಬಳೇ ನಡೆಯಲಾಗದಿದ್ದರೆ ಆ ಕುರ್ಚಿ ಹೋಗುತ್ತದೆ ಎಂಬುದು ಆಕೆಗೂ ಗೊತ್ತು, ಅಣ್ಣನಿಗೂ ಗೊತ್ತು.

ಬಿದ್ದ ದಿನವೇ ಆಕೆ ಆ್ಯಪ್ ತೆಗೆದುಹಾಕಿದ್ದರು. ಕಂಡಕ್ಟರಮ್ಮ ನೋಡಲು ಹೋದಾಗಲೂ ಮಾತು ನಾಲ್ಕೇ ನಾಲ್ಕು. ವರ್ಗದ ಸುದ್ದಿ ಬಂದ ಮೇಲೆ ಆಪರೇಟರ್ ತಾವಾಗಿಯೇ ಫೋನ್ ಮಾಡಿದರು. ಈ ದಾರಿಗೆ ಬೇರೆಯವರಿಂದ ದನಿ ಕೊಡಿಸುತ್ತೇನೆ, ನನ್ನ ದನಿ ಕೇಳಿದರೆ ನಿನಗೆ ಕಾಲು ನಡುಗೀತು ಎಂದರಂತೆ ಕಂಡಕ್ಟರಮ್ಮ. “ಬೇಡ ಅಕ್ಕ, ನಿಮ್ದೇ ಇರ್ಲಿ,” ಎಂದರಂತೆ ಆಪರೇಟರ್. “ಆದ್ರೆ ಈ ಸಲ ಸರಿಯಾಗಿ ಹೇಳಿ.” ನಾನು ಈ ವಾರವಿಡೀ ನಸುಕಿನಲ್ಲಿ ನೋಡುತ್ತಿರುವುದು ಆ ಸರಿಯಾಗಿ ಹೇಳುವ ಕೆಲಸವನ್ನೇ.

ಇವತ್ತು ಪ್ರೆಸ್ಸಿಗೆ ವಾರದ ರಜೆ. ಬೇಕೆಂದೇ ಈ ದಿನವನ್ನು ಆರಿಸಿಕೊಂಡವರು ಆಪರೇಟರ್. ಅಣ್ಣ ಸ್ಟಾಪಿನವರೆಗೆ ಕರೆತಂದಿದ್ದಾರೆ. ಜೊತೆಗೆ ಬರುತ್ತೇನೆಂದು ಕಂಡಕ್ಟರಮ್ಮ ಹೊರಟರೆ ಆಕೆ ಒಪ್ಪುವುದಿಲ್ಲ. “ನೀವು ಬರೋದು ಬೇಡ ಅಕ್ಕ. ಫೋನಲ್ಲಿದೀರಲ್ಲ,” ಎಂದು ಕೋಲು ಬಿಚ್ಚಿ ಓಣಿಯೊಳಗೆ ನಡೆಯುತ್ತಾರೆ. ನಾವು ಮೂವರು ಸ್ಟಾಪಿನಲ್ಲಿ ನಿಲ್ಲುತ್ತೇವೆ. ಅಣ್ಣ ನೋಡಲಾರದೆ ಬೆನ್ನು ತಿರುಗಿಸಿದ್ದಾರೆ. “ನೋಡಿದ್ರೂ ನನಗೇನೂ ಹೇಳ್ಬೇಡಿ,” ಎಂದು ಕಂಡಕ್ಟರಮ್ಮ ನನಗೆ ಮೊದಲೇ ಕಟ್ಟಪ್ಪಣೆ ಮಾಡುತ್ತಾರೆ.

ಗೋಡೆಯ ತುದಿಯಲ್ಲಿ ಆಪರೇಟರ್ ನಿಂತುಬಿಡುತ್ತಾರೆ. ಕೋಲಿನ ಸದ್ದು ನಿಂತದ್ದು ಅಣ್ಣನಿಗೂ ಕೇಳಿಸಿ ಆತ ಥಟ್ಟನೆ ತಿರುಗಿ ಓಡಲು ಹೊರಡುತ್ತಾರೆ. ಕಂಡಕ್ಟರಮ್ಮ ತಮ್ಮ ಕೋಲನ್ನು ಅಡ್ಡ ಹಿಡಿಯುತ್ತಾರೆ. “ನಿಲ್ಲಪ್ಪ. ನಿಲ್ಲು ಅಂತ ನಾನೇ ಹೇಳಿರೋದು ಅಲ್ಲಿ.” ಆಪರೇಟರ್ ಕಾಲಿನಿಂದ ನೆಲವನ್ನು ಸವರುತ್ತಾರೆ, ಮತ್ತೊಮ್ಮೆ ಸವರುತ್ತಾರೆ. ಆಕೆ ಫೋನನ್ನು ತಟ್ಟಿ, ಬಲಕ್ಕೆ ತಿರುಗಿ, ಮರೆಯಾಗುತ್ತಾರೆ.

ತಿರುವಿನಾಚೆ ಇನ್ನೂ ಅರ್ಧ ದಾರಿ ಇದೆ. ನಮಗೆ ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ಕಂಡಕ್ಟರಮ್ಮ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕುತ್ತಾರೆ. ಗಂಡಸೊಬ್ಬರ ದನಿ. ರಾತ್ರಿ ಪಾಳಿಯವರು, ಇನ್ನೂ ಎದ್ದು ಹೋಗಿಲ್ಲ. ಕಂಡಕ್ಟರಮ್ಮ ಫೋನ್ ಇಟ್ಟುಬಿಡುತ್ತಾರೆ. ಒಂದು ಬಸ್ಸು ಬಂದು ಹೋಗುತ್ತದೆ. ಮತ್ತೆ ಮಾಡುತ್ತಾರೆ. ಮತ್ತೆ ಅದೇ ಗಂಡಸಿನ ದನಿ, ಈ ಸಲ ಸಿಡಿಮಿಡಿ. ಅಣ್ಣ ಸ್ಕೂಟರಿನ ಕೀಲಿ ಕೈಗೆತ್ತಿಕೊಳ್ಳುತ್ತಾರೆ. ಇನ್ನೊಂದೇ ಸಲ ಎಂದು ಕಂಡಕ್ಟರಮ್ಮ ಮತ್ತೆ ಒತ್ತುತ್ತಾರೆ. ಗಂಟೆ ಬಡಿಯುತ್ತದೆ, ಬಡಿಯುತ್ತಲೇ ಇದೆ.

“ನಮಸ್ಕಾರ, ಆಸ್ಪತ್ರೆ. ಯಾರು ಬೇಕಾಗಿತ್ತು?”

ಹೆಣ್ಣುದನಿ. ಸ್ವಲ್ಪ ಏದುಸಿರು. ಅಣ್ಣ ಅಲ್ಲೇ ಫುಟ್‌ಪಾತಿನ ಮೇಲೆ ಕುಸಿದು ಕೂರುತ್ತಾರೆ. ಕಂಡಕ್ಟರಮ್ಮ ಫೋನನ್ನು ಬಾಯಿಯ ಹತ್ತಿರ ತರುತ್ತಾರೆ.

“ಯಾರೂ ಬೇಡಮ್ಮ. ಸೀಟಲ್ಲಿ ಕೂತ್ಯಲ್ಲ, ಸಾಕು.”

“ಇನ್ನೊಂದು ಲೈನ್ ಕಾಯ್ತಾ ಇದೆ ಅಕ್ಕ, ಇಡ್ತೀನಿ. ನಾಳೆಯಿಂದ ನೀವು ಸ್ಟಾಪಿಗೆ ಬರೋದು ಬೇಡ, ನಾನೇ ಹೋಗ್ತೀನಿ.”

ಫೋನ್ ಕಟ್ಟಾಗುತ್ತದೆ. ಕಂಡಕ್ಟರಮ್ಮನ ಕೆನ್ನೆ ಒದ್ದೆಯಾಗಿದೆ. ಒರೆಸಿಕೊಳ್ಳುವ ಗೋಜಿಗೂ ಹೋಗದೆ, ನಾನಿದ್ದ ಕಡೆಗೆ ಮುಖ ತಿರುಗಿಸಿ ಹೇಳುತ್ತಾರೆ:

“ಕೇಳಿಸ್ತಾ ಸ್ವಾಮಿ? ಕಂಡಕ್ಟರನ್ನೇ ಇಳಿಸಿಬಿಟ್ಲು.”